ನಾವಿಲ್ಲದ ಹೊತ್ತಿನಲ್ಲಿ ನಾಯಿ ಎಲ್ಲಿರಬೇಕು?

ಓದುಗರ ಪ್ರಶ್ನೆ, ಪರಿಣತರ ಉತ್ತರ

ಪ್ರಶ್ನೆ: ನಮ್ಮ ನಾಯಿಗೆ ಹತ್ತು ತಿಂಗಳು, 22 ಕೆ.ಜಿ. ತೂಕ. ಎಲ್ಲರೂ ಹೊರಗೆ ಹೋಗುವಾಗ ತಂತಿಯ ಕ್ರೇಟಿನಲ್ಲಿ, ಅಂದರೆ ನಾಯಿಯ ಪಂಜರದಲ್ಲಿ, ಬಿಟ್ಟು ಹೋಗುತ್ತೇವೆ. ಎರಡು ಸಲ ಬಾಗಿಲಿನ ಕೆಳಮೂಲೆ ಬಗ್ಗಿಸಿಕೊಂಡು ಹೊರಬಂದಿದೆ. ಇನ್ನೂ ಗಟ್ಟಿಯಾದ ಕ್ರೇಟ್ ತರಬೇಕೇ?

ಉತ್ತರ: ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಾಳೆ ಹೊರಡುವಾಗ ಕ್ರೇಟಿನ ಎದುರು ಒಂದು ಮೊಬೈಲನ್ನು ರೆಕಾರ್ಡಿಂಗಿಗೆ ಇಟ್ಟು ಹೋಗಿ. ಮೊದಲ ಅರ್ಧ ಗಂಟೆಯಲ್ಲೇ ಬಹುಪಾಲು ವಿಷಯ ಗೊತ್ತಾಗುತ್ತದೆ. ಬಾಗಿಲು ಹಾಕಿದ ಕೆಲವೇ ನಿಮಿಷಗಳಲ್ಲಿ ಏದುಸಿರು, ಜೊಲ್ಲು, ಎಡೆಬಿಡದ ಊಳು, ಬಾಗಿಲನ್ನೇ ಗುರಿಯಾಗಿಸಿ ಕಚ್ಚುವುದು, ಕೆರೆಯುವುದು ಕಂಡರೆ ಅದು ಒಂಟಿಯಾಗಿರುವ ಭಯ. ಸ್ವಲ್ಪ ಹೊತ್ತು ಮಲಗಿ, ಆಮೇಲೆ ಎದ್ದು ಮೈಮುರಿದು, ಮಾಡಲು ಏನೂ ಸಿಗದೆ ಸರಳನ್ನು ಕಡಿಯಲು ಶುರು ಮಾಡಿದರೆ ಅದು ಬೇಸರ. ಎರಡಕ್ಕೂ ಮದ್ದು ಬೇರೆ.

ಭಯವಾಗಿದ್ದರೆ ಗಟ್ಟಿ ಕ್ರೇಟ್ ತರಲೇಬೇಡಿ. ಹೆದರಿದ ನಾಯಿ ಸರಳು ಬಗ್ಗದಿದ್ದರೆ ಸುಮ್ಮನಾಗುವುದಿಲ್ಲ. ಕೋರೆಹಲ್ಲು ಮುರಿಯುವವರೆಗೆ, ಉಗುರು ಕಿತ್ತು ರಕ್ತ ಬರುವವರೆಗೆ ಮುಂದುವರಿಸುತ್ತದೆ. ದವಡೆ ಸರಳುಗಳ ನಡುವೆ ಸಿಕ್ಕಿಬೀಳುವುದೂ ಉಂಟು. ಆ ನಾಯಿಗೆ ಕ್ರೇಟ್ ಬಿಟ್ಟು ಕೋಣೆ ಕೊಡಿ, ಪಶುವೈದ್ಯರಿಗೆ ಆ ವಿಡಿಯೊ ತೋರಿಸಿ. ಒಂಟಿಯಾಗಿ ಇರುವುದನ್ನು ಸೆಕೆಂಡುಗಳ ಲೆಕ್ಕದಲ್ಲಿ ಕಲಿಸುತ್ತ ಹೋಗಬೇಕು, ಕೆಲವಕ್ಕೆ ಜೊತೆಗೆ ಔಷಧಿಯೂ ಬೇಕಾಗುತ್ತದೆ. ಕಲಿಯುವಷ್ಟು ದಿನ ಅದನ್ನು ಒಂಟಿಯಾಗಿ ಬಿಡದಂತೆ ಯಾರಾದರೊಬ್ಬರು ಜೊತೆಗಿದ್ದರೆ ಅರ್ಧ ದಾರಿ ಸಾಗಿದ ಹಾಗೆ.

ಬೇಸರವಾಗಿದ್ದರೆ ಈಗಿರುವ ಕ್ರೇಟನ್ನೇ ಸರಿಪಡಿಸಬಹುದು. ತಂತಿಯ ಕ್ರೇಟ್ ಸೋಲುವುದು ಮೂರು ಕಡೆ. ಒಂದೇ ಚಿಲಕವಿರುವ ಬಾಗಿಲಿನ ಕೆಳಮೂಲೆಯನ್ನು ಮೂತಿಯಿಂದ ತಳ್ಳಿದರೆ ಅದು ಹೊರಕ್ಕೆ ಬಾಗುತ್ತದೆ. ನಿಮ್ಮಲ್ಲಿ ಆದದ್ದು ಇದೇ. ಬಾಗಿಲಿನ ಮೇಲ್ಮೂಲೆಗೊಂದು, ಕೆಳಮೂಲೆಗೊಂದು ಲೋಹದ ಸ್ಪ್ರಿಂಗ್ ಕೊಕ್ಕೆಯನ್ನು ಹೊರಗಿನಿಂದ ಹಾಕಿ. ಎರಡನೆಯದು ತಳದ ಟ್ರೇ. ಕೆರೆದು ಕೆರೆದು ಅದನ್ನು ಹೊರಕ್ಕೆ ಜಾರಿಸಿದರೆ ಕೆಳಗಿನ ಸಂದಿನಲ್ಲಿ ಕಾಲು ಸಿಗುತ್ತದೆ. ಟ್ರೇ ಜಾರುವ ಕಡೆಗೂ ಒಂದು ಕೊಕ್ಕೆ ಬೇಕು. ಮೂರನೆಯದು ಮಡಚುವ ಕ್ರೇಟಿನ ಮೂಲೆಗಳು. ಗೋಡೆಯೊಂದು ಒಳಕ್ಕೆ ಬಿದ್ದರೆ ಇಡೀ ಕ್ರೇಟ್ ನಾಯಿಯ ಮೇಲೆ ಮಡಚಿಕೊಳ್ಳುತ್ತದೆ. ಪ್ರತಿ ಮೂಲೆಯನ್ನೂ ಲೋಹದ ಕ್ಲಿಪ್ಪಿನಿಂದ ಬಿಗಿಯಿರಿ. ಪ್ಲಾಸ್ಟಿಕ್ ಟೈ ಬೇಡ, ಕಡಿದು ನುಂಗುತ್ತದೆ. ಬೀಗವೂ ಬೇಡ. ಬೆಂಕಿಯೋ ಹೊಗೆಯೋ ಆದಾಗ ಯಾರು ಬಂದರೂ ತಕ್ಷಣ ತೆಗೆಯುವಂತಿರಬೇಕು. ಈಗಾಗಲೇ ಬಗ್ಗಿದ ಸರಳನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಒಮ್ಮೆ ಬಗ್ಗಿದ ಜಾಗ ಮುಂದಿನ ಸಲ ಬೇಗ ಬಗ್ಗುತ್ತದೆ, ತಲೆ ತೂರಿ ವಾಪಸ್ ಬಾರದಷ್ಟೇ ಸಂದು ಬಿಟ್ಟುಕೊಳ್ಳುತ್ತದೆ. ಆ ಬಾಗಿಲನ್ನೇ ಬದಲಿಸಿ.

ಅಳತೆಯನ್ನೂ ಒಮ್ಮೆ ನೋಡಿ. ನಾಯಿ ನಿಂತಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಎಷ್ಟಿದೆಯೋ ಅದಕ್ಕೆ 10ರಿಂದ 15 ಸೆಂ.ಮೀ. ಸೇರಿಸಿದರೆ ಉದ್ದ. ನೆಲದಿಂದ ನೆತ್ತಿಗೆ, ಕಿವಿ ನಿಮಿರಿದ್ದರೆ ಕಿವಿಯ ತುದಿಗೆ, 10 ಸೆಂ.ಮೀ. ಸೇರಿಸಿದರೆ ಎತ್ತರ. ತಲೆ ತಗ್ಗಿಸದೆ ನಿಲ್ಲಲು, ಸುತ್ತ ತಿರುಗಲು, ಕಾಲು ಚಾಚಿ ಮಲಗಲು ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಒಳಗೆ ಬಿಡುವ ಮುನ್ನ ಕುತ್ತಿಗೆಯ ಬೆಲ್ಟು, ಎದೆಪಟ್ಟಿ ಎರಡನ್ನೂ ಬಿಚ್ಚಿ. ಬೆಲ್ಟಿನ ಬಳೆಯೋ ಹೆಸರಿನ ಬಿಲ್ಲೆಯೋ ಸರಳಿಗೆ ಸಿಕ್ಕಿಕೊಂಡರೆ ನಾಯಿ ಗಾಬರಿಯಿಂದ ಜಗ್ಗುತ್ತದೆ, ಜಗ್ಗಿದಷ್ಟೂ ಉಸಿರು ಕಟ್ಟುತ್ತದೆ. ಬಿಡಿಸಲು ಆಗ ಮನೆಯಲ್ಲಿ ಯಾರೂ ಇರುವುದಿಲ್ಲ.

ಪ್ರಶ್ನೆ: ಐದು ತಿಂಗಳ ಮರಿ. ನಾವಿಬ್ಬರೂ ದಿನಕ್ಕೆ ಎಂಟು ಗಂಟೆ ಕೆಲಸಕ್ಕೆ ಹೋಗುತ್ತೇವೆ. ಕ್ರೇಟ್ ಒಳ್ಳೆಯದೋ, ಕೋಣೆ ಒಳ್ಳೆಯದೋ?

ಉತ್ತರ: ಎಂಟು ಗಂಟೆಗೆ ಕ್ರೇಟ್ ಅಲ್ಲವೇ ಅಲ್ಲ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ಮೂತ್ರ ತಡೆಯಬಲ್ಲದು ಎಂಬುದು ಬಳಕೆಯಲ್ಲಿರುವ ಲೆಕ್ಕ. ಅದೂ ತಡೆಯುವ ಮಿತಿ, ದಿನವೂ ಕೂಡಿಡುವ ಮಿತಿಯಲ್ಲ. ಈ ವಯಸ್ಸಿನಲ್ಲಿ ಕ್ರೇಟಿನಲ್ಲಿ ಮೂರು ಗಂಟೆ ದಾಟಿಸಬೇಡಿ. ಪಳಗಿದ ದೊಡ್ಡ ನಾಯಿಗೂ ಒಂದೇ ಸಮನೆ ನಾಲ್ಕೈದು ಗಂಟೆ ಸಾಕು. ನಿಮ್ಮ ಮರಿಗೆ ಬೇಕಾದದ್ದು ಬೇಲಿ ಹಾಕಿದ ಮೂಲೆ, ಜೊತೆಗೆ ನಡುಹಗಲು ಬಂದು ಹೊರಗೆ ಕರೆದೊಯ್ಯುವ ಒಬ್ಬರು. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಎಷ್ಟು ಚೆನ್ನಾಗಿ ಮಾಡಿದರೂ ಮರಿ ತನ್ನ ಹೊಲಸಿನಲ್ಲೇ ದಿನ ಕಳೆಯುತ್ತದೆ.

ಮಡಚುವ ತಂತಿಬೇಲಿ ಸಾಮಾನ್ಯವಾಗಿ ಎಂಟು ತುಂಡುಗಳಲ್ಲಿ ಬರುತ್ತದೆ, ಒಂದೊಂದೂ ಸುಮಾರು 60 ಸೆಂ.ಮೀ. ಅಗಲ. ಕೋಣೆಯ ನಡುವೆ ಗುಂಡಗೆ ನಿಲ್ಲಿಸಿದರೆ ಒಳಗೆ ಎರಡು ಚದರ ಮೀಟರೂ ಸಿಗುವುದಿಲ್ಲ. ಅದನ್ನೇ ಗೋಡೆಯ ಮೂಲೆಗೆ ಸೇರಿಸಿ, ನಾಲ್ಕು ತುಂಡು ಒಂದು ಬದಿಗೆ, ನಾಲ್ಕು ಇನ್ನೊಂದು ಬದಿಗೆ ನಿಲ್ಲಿಸಿದರೆ 2.4 ಮೀಟರ್ ಚೌಕ, ಅಂದರೆ ಐದೂವರೆ ಚದರ ಮೀಟರಿಗೂ ಹೆಚ್ಚು ಜಾಗ. ಆದರೆ ಹೀಗೆ ನೆಟ್ಟಗೆ ನಿಲ್ಲಿಸಿದ ಬೇಲಿ ಕೀಲುಗಳಲ್ಲಿ ಬಾಗುತ್ತದೆ. ಹೊರಬದಿಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಉದ್ದಕ್ಕೂ ಒಂದು ಪೈಪನ್ನೋ ಮರದ ಪಟ್ಟಿಯನ್ನೋ ಬಿಗಿದು ಕಟ್ಟಿ. ಬೇಲಿಯ ಎರಡು ತುದಿಗಳನ್ನೂ ಗೋಡೆಗೆ ಕೊಕ್ಕೆಯ ಸ್ಕ್ರೂಗಳಿಂದ ಹಿಡಿಸಿ, ಕೆಳಗೊಂದು ಮೇಲೊಂದು. ನೆಲಕ್ಕೆ ಜಾರದ ಮ್ಯಾಟ್ ಹಾಸಿ, ಬೇಲಿಯ ಕಾಲು ಅದರ ಮೇಲೆ ಬರಲಿ. ಇಲ್ಲವಾದರೆ ಮರಿ ಎರಡೂ ಮುಂಗಾಲೂರಿ ಬೇಲಿಯನ್ನೇ ತಳ್ಳಿಕೊಂಡು ಮನೆ ಸುತ್ತುತ್ತದೆ. ಎತ್ತರ ಒಂದು ಮೀಟರಿಗೆ ಕಡಿಮೆ ಬೇಡ. ಹಾಸಿಗೆಯನ್ನು ಬೇಲಿಗೆ ತಾಗಿಸಿ ಇಡಬೇಡಿ, ಅದೇ ಮೆಟ್ಟಿಲಾಗುತ್ತದೆ.

ಬಾಗಿಲಿಗೆ ಅಡ್ಡಗೇಟು ಹಾಕುವುದಾದರೆ ಚೌಕಟ್ಟಿನ ಒತ್ತಡದಲ್ಲಷ್ಟೇ ನಿಲ್ಲುವಂಥದ್ದನ್ನು ನಂಬಬೇಡಿ. ನಾಲ್ಕಾರು ಸಲ ಹಾರಿ ಗುದ್ದಿದರೆ ಸಡಿಲವಾಗಿ ಬೀಳುತ್ತದೆ. ಸ್ಕ್ರೂ ಹೊಡೆದು ಕೂರಿಸುವ, ನಿಲುವು ಸರಳಿನ ಗೇಟು ಬೇಕು. ಅಡ್ಡಸರಳು ಇದ್ದರೆ ಅದು ಏಣಿಯೇ. ಬಾಗಿಲನ್ನು ಪೂರ್ತಿ ಮುಚ್ಚುವುದಕ್ಕಿಂತ ಗೇಟು ಮೇಲು: ಮನೆ ಕಾಣುತ್ತಿದ್ದರೆ ಎಷ್ಟೋ ಮರಿಗಳು ಬಾಗಿಲು ಕೆರೆಯುವ ಗೋಜಿಗೇ ಹೋಗುವುದಿಲ್ಲ.

ಆ ಮೇಲೆ ನೆಲಕ್ಕೆ ಕೂತು, ಮರಿಯ ಕಣ್ಣಿನ ಮಟ್ಟದಲ್ಲಿ ಸುತ್ತ ನೋಡಿ. ಪ್ಲಗ್ಗಿಗೆ ಹಾಕಿದ ವೈರು, ಪರದೆಯ ಜೋತ ಹಗ್ಗ, ಕಾಲುಚೀಲ, ಔಷಧಿ, ಇಲಿಪಾಷಾಣ, ಚಾಕೊಲೇಟ್, ಒಣದ್ರಾಕ್ಷಿ, ಕ್ಸೈಲಿಟಾಲ್ ಎಂಬ ಬದಲಿ ಸಿಹಿ ಇರುವ ಚೂಯಿಂಗ್ ಗಮ್ ಯಾವುದೂ ಆ ಕೋಣೆಯಲ್ಲೇ ಇರಬಾರದು. ಕಸದ ಬುಟ್ಟಿಯೂ ಅಷ್ಟೆ. ತಿಂಡಿಯ ಖಾಲಿ ಪೊಟ್ಟಣದೊಳಗೆ ತಲೆ ತೂರಿಸಿದ ನಾಯಿ ಉಸಿರೆಳೆದಾಗ ಪೊಟ್ಟಣ ಮೂತಿಗೆ ಅಂಟಿಕೊಂಡು ನಿಮಿಷಗಳಲ್ಲಿ ಉಸಿರು ಕಟ್ಟುತ್ತದೆ. ಇದನ್ನು ಬಹಳ ಮನೆಗಳಲ್ಲಿ ಯಾರೂ ಯೋಚಿಸಿರುವುದಿಲ್ಲ. ಹಲ್ಲು ಬದಲಾಗುವ ಕಾಲ ಇದು, ಆರೇಳು ತಿಂಗಳವರೆಗೂ ಕಡಿಯುತ್ತಲೇ ಇರುತ್ತದೆ. ಕಡಿಯಲು ಬಾಯಲ್ಲಿ ಪೂರ್ತಿ ಹಿಡಿಸದಷ್ಟು ದೊಡ್ಡ, ಗಟ್ಟಿ ರಬ್ಬರಿನ ಆಟಿಕೆ ಕೊಡಿ.

ಪ್ರಶ್ನೆ: ಒಂದೂವರೆ ವರ್ಷದ ನಾಯಿ ಕಾಂಪೌಂಡಿನಲ್ಲೇ ಇರುತ್ತದೆ. ಗೋಡೆ ಹಾರುತ್ತದೆ, ಗೇಟಿನ ಕೆಳಗೆ ತೋಡುತ್ತದೆ. ಸರಪಳಿ ಹಾಕಿ ಹೋಗಬಹುದೇ?

ಉತ್ತರ: ಬೇಡ. ಗೋಡೆ ಹಾರುವ ನಾಯಿಗೆ ಸರಪಳಿ ಹಾಕಿದರೆ ಗೋಡೆಯಾಚೆ ಜಿಗಿದು ನೇಣು ಬಿದ್ದಂತೆ ತೂಗಾಡಬಹುದು. ಕಂಬಕ್ಕೆ ಸುತ್ತಿಕೊಂಡು ನೀರಿನ ಬಟ್ಟಲಿನಿಂದಲೂ ನೆರಳಿನಿಂದಲೂ ದೂರ ಉಳಿಯಬಹುದು. ದಿನವೆಲ್ಲ ಕಟ್ಟಿದ ನಾಯಿ ದಾರಿಹೋಕರ ಮೇಲೆ ಸಿಡುಕುವುದನ್ನೂ ಕಲಿಯುತ್ತದೆ.

ನಿಂತಲ್ಲಿಂದಲೇ ಚಿಮ್ಮಿ ದಾಟುವ ನಾಯಿಗಳು ಕಡಿಮೆ. ಹೆಚ್ಚಿನವು ಮುಂಗಾಲು ಅಂಚಿಗೆ ಸಿಗಿಸಿ, ಹಿಂಗಾಲು ಗೋಡೆಗೊತ್ತಿ ಹತ್ತುತ್ತವೆ. ಆದ್ದರಿಂದ ಗೋಡೆಯ ಬಳಿಯ ಕುಂಡ, ಕಲ್ಲುರಾಶಿ, ಸೌದೆ, ಏಸಿಯ ಹೊರಘಟಕ ಎಲ್ಲವೂ ಮೆಟ್ಟಿಲೇ. ಅವನ್ನು ಒಂದೂವರೆ ಮೀಟರ್ ಆಚೆ ಸರಿಸಿ. ಎತ್ತರ 1.8 ಮೀಟರ್ ಇದ್ದರೆ ಹೆಚ್ಚಿನ ನಾಯಿಗಳಿಗೆ ಸಾಕು. ಅದನ್ನೂ ಹತ್ತುವುದಾದರೆ ಮೇಲೆ 40ರಿಂದ 50 ಸೆಂ.ಮೀ. ಜಾಲರಿಯನ್ನು 45 ಡಿಗ್ರಿ ಒಳಕ್ಕೆ ಬಾಗಿಸಿ ಕೂರಿಸಿ. ಅಂಚಿಗೆ ಗಾಜಿನ ಚೂರು, ಮುಳ್ಳುತಂತಿ ಹಾಕಬೇಡಿ. ನಾಯಿ ನಿಲ್ಲುವುದಿಲ್ಲ, ಹೊಟ್ಟೆ ಸೀಳಿಕೊಂಡು ದಾಟುತ್ತದೆ.

ತೋಡುವುದಕ್ಕೆ ಗುಂಡಿ ಮುಚ್ಚುತ್ತ ಕೂತರೆ ಮುಗಿಯದು. ಬೆಸುಗೆ ಹಾಕಿದ ತಂತಿಜಾಲರಿಯನ್ನು ಎಲ್ ಆಕಾರಕ್ಕೆ ಮಡಚಿ, ಒಂದು ಮಗ್ಗುಲನ್ನು ಬೇಲಿಯ ಬುಡಕ್ಕೆ ಬಿಗಿದು, ಇನ್ನೊಂದು 60 ಸೆಂ.ಮೀ. ಮಗ್ಗುಲನ್ನು ಒಳಬದಿಯ ನೆಲದ ಮೇಲೆ ಹಾಸಿ, ಅರ್ಧ ಮೀಟರಿಗೊಂದು ಗೂಟ ಹೊಡೆದು ಮಣ್ಣು ಮುಚ್ಚಿ. ನಾಯಿ ಯಾವಾಗಲೂ ಬೇಲಿಯ ಬುಡಕ್ಕೇ ತೋಡುತ್ತದೆ, ಎರಡಡಿ ಹಿಂದೆ ಹೋಗಿ ಸುರಂಗ ಕೊರೆಯುವ ಯೋಚನೆ ಮಾಡುವುದಿಲ್ಲ. ತುದಿಗಳನ್ನು ಮಡಚಿಬಿಡಿ, ಪಾದ ಕೊಯ್ಯುತ್ತವೆ. ಗೇಟಿನ ಕೆಳಗೆ ಜಾಲರಿ ಹಾಸಲಾಗದು, ಅಲ್ಲಿ ಸಿಮೆಂಟಿನ ಪಟ್ಟಿಯೇ ಸರಿ. ಸಂದು 5 ಸೆಂ.ಮೀ. ಮೀರಬಾರದು. ಮೇಲೆತ್ತಿದರೆ ತೆರೆಯುವ ಚಿಲಕವನ್ನು ಮೂತಿಯಿಂದ ಎತ್ತುವುದು ನಾಯಿಗೆ ಸುಲಭ, ಪಕ್ಕಕ್ಕೆ ಸರಿಸುವ ಅಗುಳಿಗೆ ಬದಲಿಸಿ ಕೊಕ್ಕೆ ಹಾಕಿ.

ಇಷ್ಟಾದರೂ ಬಿಸಿಲ ಹೊತ್ತು ದಿನವೆಲ್ಲ ಹೊರಗೆ ಬಿಡುವುದು ನಮಗೆ ಒಪ್ಪಿಗೆಯಿಲ್ಲ. ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಸೆಕೆಯಲ್ಲಿ ಅದು ಸಾಲುವುದಿಲ್ಲ. ಅದರ ಸಹಜ ದೇಹೋಷ್ಣ 38ರಿಂದ 39 ಡಿಗ್ರಿಯ ಆಸುಪಾಸು. 41 ದಾಟಿದರೆ ಜೀವಕ್ಕೇ ಅಪಾಯ. ಬೆಳಗಿನ ನೆರಳು ಮಧ್ಯಾಹ್ನಕ್ಕೆ ಎಲ್ಲಿ ಸರಿಯುತ್ತದೆ ಎಂದು ರಜೆಯ ದಿನ ನಿಂತು ನೋಡಿ.

ಪ್ರಶ್ನೆ: ಬೇಲಿಯ ಬದಲು, ಗಡಿ ದಾಟಿದರೆ ಶಾಕ್ ಕೊಡುವ ಕುತ್ತಿಗೆಯ ಬೆಲ್ಟು ಹೇಗೆ?

ಉತ್ತರ: ಯಾರೂ ಇಲ್ಲದಾಗ ಅದನ್ನು ನೆಚ್ಚಬೇಡಿ. ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವ ನಾಯಿ ನೋವು ತಿಂದೇ ದಾಟುತ್ತದೆ. ವಾಪಸ್ ಬರುವಾಗ ಅಟ್ಟಲು ಬೆಕ್ಕಿಲ್ಲ, ಶಾಕಿನ ಭಯ ಮಾತ್ರ ಇದೆ, ಹೊರಗೇ ಉಳಿಯುತ್ತದೆ. ಬೀದಿನಾಯಿ ಒಳಗೆ ಬರುವುದನ್ನಂತೂ ಅದು ತಡೆಯುವುದೇ ಇಲ್ಲ.

ಪ್ರಶ್ನೆ: ಕ್ರೇಟ್ ಕಂಡರೆ ಓಡುತ್ತದೆ. ಹೊರಡುವ ಮುನ್ನ ಚೆನ್ನಾಗಿ ಓಡಿಸಿ ಸುಸ್ತು ಮಾಡಿದರೆ ಸರಿಹೋದೀತೇ?

ಉತ್ತರ: ನಿಮ್ಮ ನಾಯಿಗೆ ಕ್ರೇಟ್ ಎಂದರೆ ಮನೆಯವರು ಹೋಗುತ್ತಾರೆ ಎಂದರ್ಥ. ಆ ನಂಟು ಮೊದಲು ಕಡಿಯಬೇಕು. ಮನೆಯಲ್ಲಿರುವಾಗಲೇ ಊಟದ ತಟ್ಟೆ ಕ್ರೇಟಿನ ಬಾಗಿಲ ಬಳಿ ಇಡಿ, ದಿನಕ್ಕಷ್ಟು ಒಳಕ್ಕೆ ಸರಿಸಿ, ಬಾಗಿಲು ತೆರೆದೇ ಇರಲಿ. ನಿರಾಳವಾಗಿ ಒಳಗೆ ನಿಂತು ತಿನ್ನತೊಡಗಿದ ಮೇಲೆ ತಿನ್ನುವಷ್ಟು ಹೊತ್ತು ಬಾಗಿಲು ಹಾಕಿ, ಮುಗಿಯುವ ಮುನ್ನ ತೆಗೆಯಿರಿ. ಆಮೇಲೆ ಒಂದು ನಿಮಿಷ, ಐದು, ಹತ್ತು. ಅನಂತರ ಕೋಣೆಯಿಂದ ಹೊರಗೆ, ಕೊನೆಗೆ ಮನೆಯಿಂದ ಹೊರಗೆ. ಅತ್ತರೆ ನಿಮ್ಮ ಹೆಜ್ಜೆ ದೊಡ್ಡದಾಯಿತು ಎಂದರ್ಥ, ಹಿಂದಿನ ಹಂತಕ್ಕೆ ಹೋಗಿ.

ಚೆಂಡೆಸೆದು ಓಡಿಸಿ ತಕ್ಷಣ ಕೂಡಿಹಾಕಿದರೆ ಮೈ ದಣಿದರೂ ತಲೆ ಇನ್ನೂ ಕುಣಿಯುತ್ತಿರುತ್ತದೆ. ಅದಕ್ಕಿಂತ ಅರ್ಧ ಗಂಟೆ ಹಗ್ಗ ಸಡಿಲ ಬಿಟ್ಟು, ಮೂಸುತ್ತ ಮೂಸುತ್ತ ನಡೆಯಲು ಬಿಡಿ. ಬಂದ ಮೇಲೆ ಇಪ್ಪತ್ತು ನಿಮಿಷ ತಣ್ಣಗಾಗಲಿ, ಮಲಮೂತ್ರಕ್ಕೆ ಬಿಟ್ಟು, ನಂತರ ಒಳಗೆ. ಆ ಹೊತ್ತಿನ ಆಹಾರದ ಒಂದು ಪಾಲನ್ನು ಟೊಳ್ಳು ರಬ್ಬರ್ ಆಟಿಕೆಯಲ್ಲಿ ತುಂಬಿ, ರಾತ್ರಿಯೇ ಫ್ರೀಜರಿನಲ್ಲಿಟ್ಟಿದ್ದು, ಹೊರಡುವ ಐದು ನಿಮಿಷ ಮೊದಲು ಕೊಡಿ. ನೆಕ್ಕುವ ಕೆಲಸ ಬಹಳ ಹೊತ್ತು ನಡೆಯುತ್ತದೆ. ಎದೆ ಆಳವಾದ ದೊಡ್ಡ ತಳಿಯಾದರೆ ಹೊಟ್ಟೆ ತುಂಬ ತಿಂದ ಮೇಲೆ ಒಂದು ಗಂಟೆಯಾದರೂ ಓಡಿಸಬೇಡಿ. ಹೊಟ್ಟೆ ಉಬ್ಬಿ, ಬರಿದೇ ಓಕರಿಸುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು, ಆಗ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ.