ಗುಡ್ಡದ ನೀರಿಗೆ ಯಾವ ರಾಜ್ಯ?

"ಇಷ್ಟು ಮಳೆ ಬೀಳುವ ಊರಲ್ಲಿ ಗುಡ್ಡಕ್ಕೆ ತೂತು ಕೊರೆದು ನೀರು ಕುಡಿಯೋದೇನು, ಒಂದು ಬೋರ್ ಹಾಕಿಸಬಾರದಾ? ಅಲ್ಲ, ನೀವು ಕೇರಳದವರಲ್ವಾ, ಕನ್ನಡ ಚೆನ್ನಾಗೇ ಬರುತ್ತಲ್ಲ!" ಎಂದು ಕೇಳಿದೆಯಲ್ಲ ಮಾರಾಯ, ಎರಡನೆಯದಕ್ಕೆ ಬೇಗ ಉತ್ತರ ಹೇಳಿಬಿಡುತ್ತೇನೆ. ನಾವು ಎಲ್ಲಿಗೂ ಹೋಗಿಲ್ಲ. ನಮ್ಮ ಕಾಸರಗೋಡು ದಕ್ಷಿಣ ಕನ್ನಡದಲ್ಲೇ ಇತ್ತು. 1956ರ ನವೆಂಬರ್ 1ಕ್ಕೆ ರಾಜ್ಯದ ಗಡಿಗೆರೆ ನಮ್ಮ ಆಚೆ ಬದಿಗೆ ಬಂತು, ನಾವು ಕೇರಳದೊಳಗಾದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು, ಹೇಳಿದ್ದು ಕಾಗದದಲ್ಲೇ ಉಳಿಯಿತು. ತೀರ್ವೆ (ಭೂಕಂದಾಯ) ಕಟ್ಟಲು ಕೇರಳದ ವಿಲ್ಲೇಜ್ ಆಫೀಸು, ದೊಡ್ಡ ಕಾಯಿಲೆಗೆ ಮಂಗಳೂರು, ಅಡಿಕೆ ಕೊಡಲು ಎರಡೂ ರಾಜ್ಯದವರು ಸೇರಿ 1973ರಲ್ಲಿ ಕಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಮನೆಯಲ್ಲಿ ಹವ್ಯಕವೋ ತುಳುವೋ ಮರಾಠಿಯೋ, ಅಂಗಡಿಯಲ್ಲಿ ಮಲಯಾಳ, ಓದುಬರಹ ಕನ್ನಡ. ಇದರಲ್ಲಿ ಆಶ್ಚರ್ಯ ನಿನಗೆ ಮಾತ್ರ.

ಬೋರಿನ ಪ್ರಶ್ನೆ ಅಷ್ಟು ಸಲೀಸಲ್ಲ. ಬಾಯಾರು, ಪೈವಳಿಕೆ, ಶೇಣಿ ಕಡೆಯ ಗುಡ್ಡಗಳೆಲ್ಲ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಹೌದು, ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಇಳಿಜಾರು ಹಿಡಿದು ಸಮುದ್ರಕ್ಕೆ ಹೋಗಿಯಾಗುತ್ತದೆ. ಮುರಕಲ್ಲಿನ ಸಂದಿಯಲ್ಲಿ ಇಂಗಿ, ಕೆಳಗಿನ ಜೇಡಿಮಣ್ಣಿನ ಮೇಲೆ ತಡೆದು ನಿಂತದ್ದಷ್ಟೇ ಬೇಸಿಗೆಯ ಪಾಲು. ಆ ಒಸರಿಗೆ ಅಡ್ಡವಾಗಿ ಕೊರೆಯುವುದೇ ಸುರಂಗ.

ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಅಡಿ ಅಗಲ. ಉದ್ದವನ್ನು ಕೋಲಿನಲ್ಲಿ ಎಣಿಸುತ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಬೇಸಿಗೆಯಲ್ಲೂ ಹಸಿರಾಗಿರುವ ಮರ, ದೊಡ್ಡ ಹುತ್ತ ನೋಡಿ ಜಾಗ ಗುರುತಿಸುತ್ತಾರೆ. ಒಬ್ಬ ಪಿಕ್ಕಾಸಿನಲ್ಲಿ ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಹಾಕುತ್ತಾನೆ. ಒಳಗೆ ಮೇಣದಬತ್ತಿ ಉರಿಯುತ್ತಿರಬೇಕು. ಬತ್ತಿ ಮಂಕಾದರೆ ಉಸಿರಿಗೂ ಗಾಳಿ ಸಾಲದೆಂದು ಲೆಕ್ಕ, ಕೂಡಲೇ ಹೊರಗೆ ಬರಬೇಕು. ಉದ್ದ ಹೆಚ್ಚಿದರೆ ಗಾಳಿಗೆಂದು ಮೇಲಿನಿಂದ ಬಾವಿಯಂತೆ ಒಂದು ಗುಂಡಿ ಇಳಿಸಬೇಕು. ನೆಲ ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರಿರಬೇಕು. ಆಗ ಪಂಪು, ಕರೆಂಟು ಯಾವುದೂ ಇಲ್ಲದೆ ನೀರು ತಾನಾಗಿ ಹರಿದು ಟಾಂಕಿಗೆ ಬೀಳುತ್ತದೆ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಪಿವಿಸಿ ಪೈಪಿನಲ್ಲಿ.

ಕಷ್ಟ ಆಮೇಲಿನದು. ಜೇಡಿ ಸಿಕ್ಕಿದಲ್ಲಿ ಸುರಂಗದ ಛಾವಣಿ ಕುಸಿಯುತ್ತದೆ. ಬೇರು ಇಳಿಯುತ್ತದೆ, ಮುಳ್ಳುಹಂದಿ ಸೇರಿಕೊಳ್ಳುತ್ತದೆ, ಏಡಿ ಮಣ್ಣು ಕೆದರಿ ಹರಿವು ಕಟ್ಟುತ್ತದೆ. ವರ್ಷಕ್ಕೊಮ್ಮೆ ಒಳಗೆ ಹೋಗಿ ಕೆಸರು ತೆಗೆಯಲೇಬೇಕು, ಆ ಕೆಲಸ ಗೊತ್ತಿದ್ದವರು ಈಗ ಬೆರಳೆಣಿಕೆ.

ಲೆಕ್ಕ ಹಾಕಿ ನೋಡು. 10 ಲೀಟರಿನ ಬಕೆಟ್ 2 ನಿಮಿಷದಲ್ಲಿ ತುಂಬಿದರೆ ದಿನಕ್ಕೆ 7200 ಲೀಟರ್. ಅಡಿಕೆ ಬುಡಕ್ಕೆ ಒಂದು ಸರ್ತಿಗೆ 175 ಲೀಟರ್ ಎಂಬುದು ಶಿಫಾರಸು. ಅಂದರೆ ದಿನಕ್ಕೆ 41 ಮರ. ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಬಿಟ್ಟರೆ ಸಾಕು, 280 ಮರಕ್ಕೆ ಸಾಲುತ್ತದೆ. ಏಪ್ರಿಲಿಗೆ ಹರಿವು ಅರ್ಧಕ್ಕೆ ಇಳಿಯುತ್ತದೆ, ಸರದಿ 4 ದಿನಕ್ಕೆ ಬರುತ್ತದೆ: ಅದೇ ಸುರಂಗಕ್ಕೆ ಈಗ 80 ಮರ. ಅಡುಗೆ, ಸ್ನಾನ, ದನದ ನೀರೂ ಇದರಲ್ಲೇ. ಡ್ರಿಪ್ ಹಾಕಿದರೆ ಮರಕ್ಕೆ ದಿನಕ್ಕೆ 16-20 ಲೀಟರ್ ಸಾಕು, 180 ಮರದವರೆಗೆ ನಿಭಾಯಿಸಬಹುದು. ಆದರೆ ಸುರಂಗದ ಕೆಸರು ಡ್ರಿಪ್ಪರಿನ ಬಾಯಿ ಕಟ್ಟುತ್ತದೆ, ಫಿಲ್ಟರ್ ತೊಳೆಯುವುದೇ ಒಂದು ದಿನಗೂಲಿ.

ಹಾಗಾದರೆ ಬೋರ್ ಹಾಕಿಸು ಎನ್ನುತ್ತೀ. ಹಾಕಿಸಿದವರಿದ್ದಾರೆ. ತೂತಿನ ಗೋಡೆಗೆ ಹಾಕುವ ಕೇಸಿಂಗ್ ಪೈಪನ್ನು ಗಟ್ಟಿ ಬಂಡೆಯವರೆಗೆ ಇಳಿಸಿ ಸರಿಯಾಗಿ ಕೂರಿಸದಿದ್ದರೆ ಮುರಕಲ್ಲಿನ ಪದರದಲ್ಲಿ ನಿಂತ ನೀರೆಲ್ಲ ಆ ತೂತಿನೊಳಗೆ ಜಾರುತ್ತದೆ. ಪೈಪಿನ ಖರ್ಚು ಉಳಿಸಲು ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ಬೋರಿನವನಿಗೆ ಎರಡು ವರ್ಷ ನೀರು, ಕೆಳಗಿನ ಸುರಂಗಕ್ಕೆ ಫೆಬ್ರವರಿಗೇ ಬರ.

ಇನ್ನು ನಮ್ಮ ಗಡಿಯ ತಮಾಷೆ ಕೇಳು. ಬಾಯಾರಿನ ಆಚೆ ಮಾಣಿಲ, ಅದು ಕರ್ನಾಟಕದ ಬಂಟ್ವಾಳ ತಾಲೂಕು, ಅಲ್ಲೂ ಇದೇ ಮುರಕಲ್ಲು, ಇದೇ ಸುರಂಗ. ಗುಡ್ಡದ ಆ ಮಗ್ಗುಲಲ್ಲಿ ಬೋರಿನ ಲಾರಿ ನಿಂತರೆ ಈ ಮಗ್ಗುಲಿನವರು ದೂರು ಕೊಡುವುದೆಲ್ಲಿ? ಇಲ್ಲಿಯ ಪಂಚಾಯಿತಿಗೆ ಅಲ್ಲಿ ಅಧಿಕಾರವಿಲ್ಲ, ಅಲ್ಲಿಯವರಿಗೆ ನಾವು ಕೇರಳದವರು. ಲಾರಿ ಈಚೆ ನಿಂತರೆ ಅವರದ್ದೂ ಇದೇ ಪಾಡು. ಕೊನೆಗೆ ಆಚೆ ಮನೆಯವರು ಈಚೆ ಮನೆಯವರು ತೋಟದ ಬದಿಯಲ್ಲಿ ಕೂತು ಮಾತಾಡಿ, ಕೇಸಿಂಗಿನ ಹೆಚ್ಚಿನ ದುಡ್ಡನ್ನು ಹಂಚಿಕೊಳ್ಳುವುದೇ ದಾರಿ. ಮಾತು ಮುರಿದರೆ ಆ ವರ್ಷ ಟ್ಯಾಂಕರಿಗೆ ಹೇಳಬೇಕು. ಅದೂ ನಮ್ಮ ಏರು ರಸ್ತೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ.