ಹೊಂಗೆ ಎಣ್ಣೆಯಲ್ಲಿ ಕಾರು ಓಡಿಸಿದವನ ಉತ್ತರ

ಆಳಂದ ಕಡೆ ಹೊಲದ ಬದುವಿನಲ್ಲಿ ಹನ್ನೆರಡು ಹೊಂಗೆ ಗಿಡ ಇವೆ, ಮನೆಯಲ್ಲಿ ಡೀಸೆಲ್ ಕಾರಿದೆ, ಎಣ್ಣೆ ತೆಗೆಸಿ ಅದರಲ್ಲೇ ಓಡಿಸಲಾ, ಕಾರಿನ ಮೇಲೆ ಸೋಲಾರ್ ಹಾಕಿಸಲಾ, ಇಲ್ಲಾ ಹೈಡ್ರೋಜನ್ ಬರುವ ತನಕ ಕಾಯಲಾ, ಹೇಗಾದರೂ ಬಂಕಿಗೆ ಹೋಗುವುದು ತಪ್ಪಬೇಕು ಅಂತ ಕೇಳಿದ್ದೀರಿ. ಮೊದಲನೆಯದನ್ನು ನಾನು ಮಾಡಿ ಮುಗಿಸಿದ್ದೇನೆ, ಕೇಳಿ.

ನಮ್ಮ ಕಾಕಾನ ಹೊಲ ಚಿಂಚೋಳಿ ತಾಲೂಕಿನಲ್ಲಿದೆ. ಅಲ್ಲಿ ಬಾವಿಯ ದಂಡೆಗೆ 5 ಎಚ್‌ಪಿಯ ಒಂದೇ ಸಿಲಿಂಡರಿನ ಹಳೆಯ ಎಂಜಿನ್ ಇತ್ತು. ಡೀಸೆಲ್ ತರಲು ಊರಿಗೆ ಹೋಗುವವರಿಲ್ಲದ ದಿನ ಕಾಕಾ ಅದಕ್ಕೆ ಹೊಂಗೆ ಎಣ್ಣೆ ಹಾಕುತ್ತಿದ್ದ. ಹೊಗೆ ಸ್ವಲ್ಪ ಜಾಸ್ತಿ, ಹಳೇ ದೀಪದ ಎಣ್ಣೆ ಸುಟ್ಟ ವಾಸನೆ, ಅಷ್ಟೇ. ನೀರು ಬರುತ್ತಿತ್ತು, ಎಂಜಿನ್ ಹಟ ಮಾಡುತ್ತಿರಲಿಲ್ಲ. ನಾನು ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ತೊಗರಿ ವ್ಯಾಪಾರದವನು, ತಿಂಗಳಲ್ಲಿ ಎಷ್ಟೋ ಸಲ ಹುಮನಾಬಾದ, ಬೀದರ, ಹೈದರಾಬಾದ ಅಂತ ಓಡಾಟ. ಡೀಸೆಲ್ ದರ ಏರುತ್ತಿದ್ದ ಕಾಲ. ಕಾಕಾನ ಎಂಜಿನ್ ನೋಡಿದವನಿಗೆ ತಲೆಯಲ್ಲಿ ಹುಳ ಹೊಕ್ಕಿತು.

ಓದಿಕೊಂಡದ್ದೂ ಹುಳಕ್ಕೆ ಮೇವಾಯಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದ್ದರಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹಳ್ಳಿಗೆ ನೀರು, ಬೆಳಕು ಕೊಟ್ಟದ್ದನ್ನೂ ಓದಿದೆ. ಎರಡೂ ಖರೆ. ಒಂದು ನಿಂತಲ್ಲೇ ನಿಂತು ಒಂದೇ ವೇಗದಲ್ಲಿ ತಿರುಗುವ ಎಂಜಿನ್, ಇನ್ನೊಂದು ನೂರು ವರ್ಷದ ಹಿಂದಿನದು ಅನ್ನುವುದನ್ನು ಮಾತ್ರ ನಾನು ಓದಿಯೂ ಓದದಂತೆ ದಾಟಿಬಿಟ್ಟೆ.

ಬೀಜ ಕೊಟ್ಟು ಗಾಣದಲ್ಲಿ ಎಣ್ಣೆ ತೆಗೆಸಿದೆ. ಬಟ್ಟೆಯಲ್ಲಿ ಸೋಸಿ, ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು, ಮೂರರಲ್ಲಿ ಒಂದು ಪಾಲು ಎಣ್ಣೆ, ಎರಡು ಪಾಲು ಡೀಸೆಲ್ ಮಾಡಿ ಟ್ಯಾಂಕಿಗೆ ಸುರಿದೆ. ಕಾರು ಜುಂ ಅಂತ ಓಡಿತು! ಪಿಕಪ್ ಕಡಿಮೆಯಾದದ್ದು ಗೊತ್ತೇ ಆಗಲಿಲ್ಲ. ನನ್ನ ಹೆಂಡತಿ ಮಾತ್ರ ಹಿಂದಿನ ಸೀಟಿಗೆ ಸೀರೆ ಸೆರಗು ಮೂಗಿಗೆ ಹಿಡಿದುಕೊಂಡೇ ಕೂರುತ್ತಿದ್ದಳು. ಎರಡು ವಾರ ಅಂತ ಅಂದುಕೊಂಡದ್ದು ತಿಂಗಳುಗಟ್ಟಲೆ ನಡೆಯಿತು. ಡೀಸೆಲ್ ಫಿಲ್ಟರ್ ಕಟ್ಟುತ್ತಿತ್ತು. ಅದು ನನಗೆ ಮೊದಲೇ ಗೊತ್ತಿದ್ದ ತೊಂದರೆ, ಡಿಕ್ಕಿಯಲ್ಲಿ ಹೊಸ ಫಿಲ್ಟರ್ ಇಟ್ಟುಕೊಂಡೇ ತಿರುಗುತ್ತಿದ್ದೆ. ನನ್ನ ಕಣ್ಣೆಲ್ಲ ಆ ಫಿಲ್ಟರಿನ ಮೇಲೆ. ಮೋಸವಾದದ್ದು ಬೇರೆ ಕಡೆ.

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಹೊಂಗೆ ಎಣ್ಣೆಯ ಬಗ್ಗೆ ಮಾತಾಡುವವರು ಯಾರೂ ಇದನ್ನು ಹೇಳುವುದಿಲ್ಲ. ಬಾನೆಟ್ ತೆಗೆದು ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದಾಗಲೆಲ್ಲ ಆಯಿಲ್ ಕಡಿಮೆಯಾಗಿರುತ್ತಿರಲಿಲ್ಲ. ಆಮೇಲಾಮೇಲೆ ಮೇಲಿನ ಗೆರೆ ದಾಟಿ ನಿಂತಿತ್ತು. ನಾನು ಖುಷಿಪಟ್ಟೆ. ಎಂಜಿನ್ ಆಯಿಲ್ ಕುಡಿಯುತ್ತಿಲ್ಲ, ಎಣ್ಣೆಯ ಜಿಡ್ಡಿನಿಂದ ಸವೆತ ಕಡಿಮೆಯಾಗಿದೆ ಅಂತ ಗಂಜ್‌ನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡೆ. ಆದರೆ ಎಂಜಿನ್ ಆಯಿಲ್ ತನ್ನಷ್ಟಕ್ಕೆ ತಾನೇ ಹೇಗೆ ಏರುತ್ತದೆ? ಮೇಲಿನಿಂದ ಏನೋ ಇಳಿಯುತ್ತಿದೆ ಅಂತಲೇ ಅರ್ಥ. ಇಳಿಯುತ್ತಿದ್ದದ್ದು ಹೊಂಗೆ ಎಣ್ಣೆ.

ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಈಗಿನ ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಭಾರಿ ಒತ್ತಡದ ಡೀಸೆಲ್ ಕೊಡುವ) ಕಾರಿನಲ್ಲಿ ಇಂಜೆಕ್ಟರ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ, ಮಿಲಿಮೀಟರಿನ ಹತ್ತನೇ ಒಂದರಷ್ಟು ಅಗಲದ ತೂತುಗಳಿಂದ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಬೇಕು. ಮಂದ ಎಣ್ಣೆ ಮಂಜಾಗುವುದಿಲ್ಲ, ಹನಿ ಹನಿಯಾಗಿಯೇ ಹೋಗಿ ಸಿಲಿಂಡರಿನ ಗೋಡೆಗೆ ಬಡಿಯುತ್ತದೆ. ಸುಡದೆ ಉಳಿದದ್ದು ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿನ ಆಯಿಲ್ ಚೇಂಬರಿಗೆ ಜಾರುತ್ತದೆ. ಡೀಸೆಲ್ ಹೀಗೆ ಜಾರಿದರೂ ಎಂಜಿನ್ನಿನ ಕಾವಿಗೆ ಒಂದಷ್ಟು ಆವಿಯಾಗಿ ಹೋಗುತ್ತದೆ. ಗಿಡದ ಎಣ್ಣೆ ಆವಿಯಾಗುವುದಿಲ್ಲ. ಅಲ್ಲೇ ಕೂತು ಕಾದು ಕಾದು, ಗಾಳಿ ಸೇರಿ ಗಟ್ಟಿಯಾಗುತ್ತಾ ಬರುತ್ತದೆ. ಮೊದಲು ಆಯಿಲ್ ತೆಳ್ಳಗಾದಂತೆ ಕಾಣುತ್ತದೆ, ಹಾಗಾಗಿ ಕಡ್ಡಿಯಲ್ಲಿ ಮಟ್ಟ ಏರಿದ್ದು ಕಂಡರೂ ಗಟ್ಟಿಯಾಗುವ ಸುಳಿವು ಸಿಗುವುದಿಲ್ಲ. ಗಟ್ಟಿಯಾಗತೊಡಗಿದರೆ ಮಾತ್ರ ತಡವಿಲ್ಲ, ಪಂಪ್ ಅದನ್ನು ಎಳೆಯಲಾರದು, ಆಯಿಲ್ ಮೇಲೇರದು. ಮೊದಲು ಸಾಯುವುದು ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ, ಆಯಿಲ್ಲಿನ ಪೊರೆಯ ಮೇಲೆಯೇ ಅದರ ಜೀವ. ಕಾಕಾನ ಪಂಪ್‌ಸೆಟ್ಟಿಗೆ ಟರ್ಬೊನೂ ಇಲ್ಲ, ಕಾಮನ್ ರೈಲೂ ಇಲ್ಲ, ಮೇಲಾಗಿ ಅವನು ಮನಸ್ಸಿಗೆ ಬಂದಾಗಲೆಲ್ಲ ಅದರ ಆಯಿಲ್ ಬದಲಿಸುತ್ತಿದ್ದ. ನಾನು ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತುಂಬುವ ತನಕ ಕಾದೆ. ಪುಸ್ತಕ ಬರೆದವನು ಹೊಂಗೆ ಎಣ್ಣೆ ಲೆಕ್ಕ ಹಿಡಿದು ಬರೆದಿರಲಿಲ್ಲವಲ್ಲ! ಏರಿದ ಆಯಿಲ್ಲನ್ನು ನೋಡಿದ ದಿನವೇ ಬದಲಿಸಿದ್ದರೆ ಬಹುಶಃ ಬರೀ ಆಯಿಲ್ ಖರ್ಚಿನಲ್ಲಿ ಹೋಗುತ್ತಿತ್ತು.

ಬೀದರಿಗೆ ಹೊರಟಿದ್ದೆ. ಹುಮನಾಬಾದ ದಾಟಿದ ಮೇಲೆ ಸಿಳ್ಳೆ ಹಾಕಿದಂಥ ಸದ್ದು, ಹಿಂದೆ ನೀಲಿ ಹೊಗೆ, ಮುಂದೆ ಕೆಂಪು ಆಯಿಲ್ ದೀಪ. ಕಾರು ಟೋ ಮಾಡಿಸಿ ಗ್ಯಾರೇಜಿಗೆ ತಂದೆವು. ಉಸ್ತಾದ ಕೆಳಗೆ ಹೋಗಿ ಡ್ರೈನ್ ಬೋಲ್ಟ್ ಬಿಚ್ಚಿದ, ಆಯಿಲ್ ಬೀಳಲೇ ಇಲ್ಲ. ಬೆರಳು ಹಾಕಿ ಎಳೆದರೆ ಬೆಲ್ಲದ ಪಾಕದ ಹಾಗೆ ನೂಲು ನೂಲಾಗಿ ಬಂತು.

"ಸೌಕಾರ್ರ, ಏನ್ ಹಾಕೀರಿ ಇದಕ್ಕ?"

"ಹೊಂಗಿ ಎಣ್ಣಿ."

ಅವನು ನಗಲಿಲ್ಲ, ಬೈಯಲೂ ಇಲ್ಲ. "ಕಾರ್ ಪಂಪ್‌ಸೆಟ್ ಅಲ್ರೀ" ಅಂದು ಚಹಾ ತರಿಸಿದ. ಟರ್ಬೊ, ಇಂಜೆಕ್ಟರ್, ಬೇರಿಂಗು, ಕೂಲಿ ಎಲ್ಲ ಸೇರಿ ಲಕ್ಷದ ಆಚೆ ಹೋಯಿತು. ಆ ತನಕ ಡೀಸೆಲ್‌ನಲ್ಲಿ ಉಳಿಸಿದ್ದು ಅದರ ಕಾಲು ಭಾಗವೂ ಇರಲಿಕ್ಕಿಲ್ಲ.

"ಹಸಿ ಎಣ್ಣೆ ಹಾಕಿದ್ದಕ್ಕೆ ಹಾಗಾಯಿತು, ಬಯೋಡೀಸೆಲ್ ಮಾಡಿದರೆ ಸರಿ" ಅಂತ ನೀವು ಅನ್ನಬಹುದು. ಅನ್ನುವುದು ಸರಿ, ಮಾಡುವುದು ಕಷ್ಟ. ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಬೆರೆಸಿ ಕಾಯಿಸಬೇಕು, ಗ್ಲಿಸರಿನ್ ಕೆಳಗಿಳಿಯಬೇಕು, ಮೇಲಿನದನ್ನು ನೀರಿನಿಂದ ತೊಳೆದು ನೀರಿನ ಅಂಶವೇ ಇಲ್ಲದಂತೆ ಒಣಗಿಸಬೇಕು. ಹೊಂಗೆ ಎಣ್ಣೆಯಲ್ಲಿ ಹುಳಿ ಅಂಶ ಹೆಚ್ಚಿದ್ದರೆ ನೇರವಾಗಿ ಕಾಸ್ಟಿಕ್ ಹಾಕಿದ ಕೂಡಲೇ ಇಂಧನದ ಬದಲು ಸಾಬೂನಾಗುತ್ತದೆ, ಅದಕ್ಕೆ ಮೊದಲು ಆ್ಯಸಿಡ್ ಹಾಕಿ ಒಂದು ಸುತ್ತು ಮಾಡಬೇಕು. ಮೆಥನಾಲ್ ವಿಷ, ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೂ ಕಾಣುವುದಿಲ್ಲ. ಮನೆಯ ಹಿತ್ತಲಲ್ಲಿ, ಮಕ್ಕಳು ಓಡಾಡುವಲ್ಲಿ ಇದನ್ನು ಮಾಡಿ ಅಂತ ನಾನಂತೂ ಹೇಳಲಾರೆ.

ಸರಿ, ಮಾಡಿದಿರಿ ಅಂತಲೇ ಇಟ್ಟುಕೊಳ್ಳೋಣ. ಲೆಕ್ಕ ನೋಡಿ. ಒಂದು ಲೀಟರ್ ಎಣ್ಣೆಗೆ ನಾಲ್ಕು ಕಿಲೋ ಬೀಜ ಬೇಕು. ಚೆನ್ನಾಗಿ ಬೆಳೆದ ಗಿಡಕ್ಕೆ 20 ಕಿಲೋ ಬೀಜ ಹಿಡಿದರೆ ನಿಮ್ಮ ಹನ್ನೆರಡು ಗಿಡಕ್ಕೆ ವರ್ಷಕ್ಕೆ 60 ಲೀಟರ್. ಲೀಟರಿಗೆ 18 ಕಿಲೋಮೀಟರ್ ಅಂದರೂ ಸಾವಿರ ಚಿಲ್ಲರೆ, ಹೈದರಾಬಾದಿಗೆ ಎರಡು ಸಲ ಹೋಗಿ ಬಂದರೆ ಮುಗಿಯಿತು. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸಲು 130ಕ್ಕೂ ಹೆಚ್ಚು ದೊಡ್ಡ ಗಿಡ ಬೇಕು, ಬೇಸಿಗೆ ಬಿಸಿಲಲ್ಲಿ ಕಾಯಿ ಆರಿಸುವ, ಒಡೆಯುವ ಕೂಲಿ ಬೇರೆ. 2009ರ ಜೈವಿಕ ಇಂಧನ ನೀತಿ 2017ಕ್ಕೆ ಪೆಟ್ರೋಲ್, ಡೀಸೆಲ್‌ನಲ್ಲಿ ಶೇ 20 ಜೈವಿಕ ಇಂಧನದ ಮಿಶ್ರಣ ಅಂತ ಗುರಿ ಇಟ್ಟಿತ್ತು, ಊರೂರಿಗೆ ಎಣ್ಣೆಬೀಜದ ಜಟ್ರೋಫಾ ಸಸಿ ಹಂಚಿದ್ದು ನಿಮಗೂ ನೆನಪಿರಬಹುದು. ಅದು ಆಗಲಿಲ್ಲ. 2018ರ ನೀತಿ ಬಂದಾಗ ಡೀಸೆಲ್ ಮಟ್ಟಿಗೆ ಗುರಿ 2030ಕ್ಕೆ ಬರೀ ಶೇ 5ಕ್ಕೆ ಇಳಿಯಿತು. ಸರಕಾರವೇ ನೂರರಲ್ಲಿ ಐದು ಅನ್ನುವಾಗ ನಾವು ಹನ್ನೆರಡು ಗಿಡ ಇಟ್ಟುಕೊಂಡು ನೂರಕ್ಕೆ ನೂರು ಅನ್ನುತ್ತಿದ್ದೇವೆ.

ಕಾರಿನ ಮೇಲಿನ ಸೋಲಾರ್ ಬಗ್ಗೆ. ಕಲಬುರಗಿ ಬಿಸಿಲು ಪುಕ್ಕಟೆ ಸಿಗುತ್ತದೆ, ಒಪ್ಪಿದೆ. ಆದರೆ ಕಾರಿನ ಛಾವಣಿ ಎಷ್ಟು? ಹೆಚ್ಚೆಂದರೆ ಎರಡು ಚದರ ಮೀಟರ್. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಬೀಳುತ್ತದೆ, ಒಳ್ಳೆ ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲು ಹಿಡಿಯುತ್ತದೆ. 400 ವ್ಯಾಟ್ ಆಯಿತು. ದಿನದ ಲೆಕ್ಕದಲ್ಲಿ ಧೂಳು, ಕಾವು ಕಳೆದು ಒಂದೂವರೆ ಯೂನಿಟ್ ಸಿಕ್ಕರೆ ಪುಣ್ಯ. ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಸೂಪರ್ ಮಾರ್ಕೆಟ್ಟಿಗೆ ಹೋಗಿ ಬರುವಷ್ಟು! ಬಿಸಿಲು ಹೆಚ್ಚಿದಷ್ಟು ಕರೆಂಟ್ ಹೆಚ್ಚು ಅಂತ ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ಬೆಳಕು ಹೆಚ್ಚಿದರೆ ಹೌದು, ಕಾವು ಹೆಚ್ಚಿದರೆ ಇಲ್ಲ. 25 ಡಿಗ್ರಿಯ ಮೇಲೆ ಪ್ಯಾನೆಲ್ ಒಂದೊಂದು ಡಿಗ್ರಿ ಕಾದಂತೆ ಅದರ ಶಕ್ತಿ ಶೇಕಡಾ ಅರ್ಧದ ಹತ್ತಿರ ಇಳಿಯುತ್ತದೆ, ಮೇ ತಿಂಗಳ ಮಧ್ಯಾಹ್ನ ತಗಡಿಗೆ ಅಂಟಿದ ಪ್ಯಾನೆಲ್ ಎಷ್ಟು ಕಾಯುತ್ತದೆ ಅಂತ ಕೈ ಇಟ್ಟು ನೋಡಿ. ಅದರ ಮೇಲೆ, ಚಾರ್ಜ್ ಆಗಲಿ ಅಂತ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ ಕೂರಲು ಎಸಿ ಬೇಕು, ಎಸಿ ಆ ಒಂದೂವರೆ ಯೂನಿಟ್ಟಿಗೇ ಕೈ ಹಾಕುತ್ತದೆ.

ಅದೇ ಪ್ಯಾನೆಲ್ಲನ್ನು ಮನೆ ಮಾಳಿಗೆಯ ಮೇಲೆ ಹಾಕಿ, ಮಾತೇ ಬೇರೆ. 3 ಕಿಲೋವ್ಯಾಟ್ ದಿನಕ್ಕೆ ಹನ್ನೆರಡು ಯೂನಿಟ್ ಆಸುಪಾಸು ಕೊಡುತ್ತದೆ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅಷ್ಟಕ್ಕೆ 78,000 ರೂಪಾಯಿ ಸಹಾಯಧನವಿದೆ. ಕಾರು ಹಗಲು ಹೊರಗೆ, ಬಿಸಿಲು ಹಗಲೇ ಬರುವುದು ಅನ್ನುವ ತಕರಾರು ನೆಟ್ ಮೀಟರಿನಿಂದ ತೀರುತ್ತದೆ. ಹಗಲು ಕೊಟ್ಟ ಕರೆಂಟನ್ನು ರಾತ್ರಿ ತೆಗೆದುಕೊಳ್ಳುತ್ತೀರಿ. ರಾತ್ರಿ ಬರುವುದು ರಾಯಚೂರಿನ ಕಲ್ಲಿದ್ದಲಿನ ಕರೆಂಟೂ ಇರಬಹುದು, ಅದನ್ನು ನೆನೆದು ಯಾರೂ ನಿದ್ದೆಗೆಡಬೇಕಿಲ್ಲ.

ಹೈಡ್ರೋಜನ್‌ಗೆ ಕಾಯಬೇಡಿ. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡಲು 50ಕ್ಕೂ ಹೆಚ್ಚು ಯೂನಿಟ್ ಕರೆಂಟ್ ಬೇಕು, ಅದನ್ನು 700 ಬಾರ್ ಒತ್ತಡಕ್ಕೆ ಒತ್ತಲು ಇನ್ನಷ್ಟು. ಆ ಕಿಲೋದಲ್ಲಿ ಕಾರು ನೂರು ಕಿಲೋಮೀಟರ್ ಹೋಗುತ್ತದೆ. ಅದೇ 50 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ 300 ಹೋಗುತ್ತದೆ. ಲಾರಿಗೆ, ಕಾರ್ಖಾನೆಗೆ ಏನಾಗುತ್ತದೋ ನೋಡೋಣ, ಆಳಂದದಿಂದ ಕಲಬುರಗಿಗೆ ಓಡಾಡುವ ಕಾರಿಗೆ ಅದರ ಹಂಗು ಬೇಕಿಲ್ಲ.

ಈಗ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಂಕಿಗೆ ಹೋಗುವುದು ಪೂರ್ತಿ ತಪ್ಪಬೇಕು ಅನ್ನುವ ಹಟವೇ ನನ್ನ ಟರ್ಬೊ ತಿಂದದ್ದು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ಟಿನ ಶಾಖ ಇದೆ, 40 ಲೀಟರ್ ಟ್ಯಾಂಕಿನಲ್ಲಿ 400. ಎಂಜಿನ್ ಅದರಲ್ಲಿ ಮೂರನೇ ಎರಡು ಪಾಲು ಹಾಳು ಮಾಡಿದರೂ ಉಳಿದದ್ದು 130. 30 ಯೂನಿಟ್ಟಿನ ಬ್ಯಾಟರಿ 200 ಕಿಲೋ ತೂಗುತ್ತದೆ. ಡೀಸೆಲ್ಲಿಗೆ ಸಮ ನಿಲ್ಲುವುದು ಯಾವುದೂ ಇಲ್ಲ, ಇದ್ದಿದ್ದರೆ ಇಷ್ಟೊತ್ತಿಗೆ ಎಲ್ಲರೂ ಅದನ್ನೇ ಹಾಕುತ್ತಿದ್ದರು. ಆದರೆ ದಿನಾ 40 ಲೀಟರ್ ಯಾರಿಗೆ ಬೇಕು? ನಿಮ್ಮ ಓಡಾಟ ಹೆಚ್ಚು ಎಲ್ಲಿ ಅನ್ನುವುದನ್ನೇ ನೀವು ಬರೆದಿಲ್ಲ. ಊರೊಳಗಿನದೇ ಹೆಚ್ಚಾದರೆ, ಮನೆಯಲ್ಲೇ ಕಾರು ನಿಲ್ಲಿಸಿ ಚಾರ್ಜ್ ಹಾಕಲು ಜಾಗ ಇದ್ದರೆ, ಎಲೆಕ್ಟ್ರಿಕ್ ತೆಗೆದುಕೊಳ್ಳಿ. ನನ್ನ ಹತ್ತಿರ ಈಗ ಒಂದು ಇದೆ, ಗಂಜ್, ರಿಂಗ್ ರೋಡ್, ಜೇವರ್ಗಿ ರಸ್ತೆ ಎಲ್ಲ ಅದರಲ್ಲೇ. ಹೈದರಾಬಾದಿಗೆ ಅದನ್ನು ಒಯ್ಯುವುದಿಲ್ಲ. ಕಂಪನಿ 300 ಕಿಲೋಮೀಟರ್ ಅಂದರೆ ಹೈವೇ ವೇಗ, ಎಸಿ, ನಾಲ್ಕು ಜನ ಅಂತ ನಾನು 200 ಹಿಡಿಯುತ್ತೇನೆ, ಹೈದರಾಬಾದ ಅದಕ್ಕಿಂತ ಸ್ವಲ್ಪ ದೂರ. ಬೇಸಿಗೆಯಲ್ಲಿ ಬ್ಯಾಟರಿ ಕಾದಿದ್ದರೆ ಫಾಸ್ಟ್ ಚಾರ್ಜರ್ ಕೂಡ ನಿಧಾನವಾಗುತ್ತದೆ. ಅಂಥ ದಾರಿಗೆ ಹಳೇ ಡೀಸೆಲ್ ಕಾರೇ, ಒಳಗೆ ಬಂಕಿನ ಡೀಸೆಲ್ಲೇ. ಸಿಎನ್‌ಜಿ ಕಿಟ್ ಹಾಕಿಸುವ ಮಾತೂ ಎತ್ತಬೇಡಿ, ಅದು ಪೆಟ್ರೋಲ್ ಎಂಜಿನ್ನಿನ ದಾರಿ. ಸಿಲಿಂಡರ್ ಡಿಕ್ಕಿ ತಿನ್ನುತ್ತದೆ, ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಬೇಕು.

ನಿಮ್ಮ ಹೊಂಗೆ ಬೀಜ ವ್ಯರ್ಥ ಮಾಡಬೇಡಿ. ಹೊಲದಲ್ಲಿ ಹಳೇ ಕಾಲದ ನಿಧಾನದ ಡೀಸೆಲ್ ಪಂಪ್‌ಸೆಟ್ ಇದ್ದರೆ ಅದಕ್ಕೆ ಎಣ್ಣೆ ನಡೆಯುತ್ತದೆ. ಡೀಸೆಲ್‌ಗೊಂದು, ಎಣ್ಣೆಗೊಂದು ಡಬ್ಬಿ ಕೂಡಿಸಿ ನಡುವೆ ಒಂದು ಕಾಕ್ (ತಿರುಗಿಸುವ ನಲ್ಲಿ) ಹಾಕಿಸಿ. ಡೀಸೆಲ್‌ನಲ್ಲಿ ಶುರು ಮಾಡಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ತಂದು ಕೊಳವೆ, ಇಂಜೆಕ್ಟರ್ ತೊಳೆಯುವಷ್ಟು ಹೊತ್ತು ಓಡಿಸಿ. ಎಂಜಿನ್ ಆಯಿಲ್ ರೂಢಿಯ ಅರ್ಧ ಅವಧಿಗೇ ಬದಲಿಸಿ. ಗಾಣದಲ್ಲಿ ಉಳಿದ ಹಿಂಡಿಯನ್ನು ತೊಗರಿ ಹೊಲಕ್ಕೆ ಗೊಬ್ಬರ ಮಾಡಿ, ದನಕ್ಕೆ ಮಾತ್ರ ಹಾಕಬೇಡಿ, ಅದು ಕಹಿ ವಿಷ.