ಚೊಚ್ಚಲ ಪುಸ್ತಕ ಒಂದೇ ಸಲ

ಪ್ರಶ್ನೆ: ನನಗೆ 26 ವರ್ಷ. ಅಂಕೋಲಾ ತಾಲ್ಲೂಕಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಅಪ್ಪ ಬೋಟಿಗೆ ಹೋಗುತ್ತಾರೆ. ಕೆಲವು ವರ್ಷಗಳಿಂದ ಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದೇನೆ, ಒಂದೂ ಅಚ್ಚಾಗಿಲ್ಲ. ಹೆಚ್ಚಿನವರು ಉತ್ತರವನ್ನೇ ಕೊಡುವುದಿಲ್ಲ. ಒಬ್ಬ ಸಂಪಾದಕರು ಮಾತ್ರ ‘ಭಾಷೆ ಚೆನ್ನಾಗಿದೆ, ಕೊನೆ ಅವಸರವಾಯಿತು’ ಎಂದು ಬರೆದರು. ಓದಿ ಅತ್ತುಬಿಟ್ಟೆ. ಈಗ ಪ್ರಕಾಶಕರೊಬ್ಬರು 40 ಸಾವಿರ ಕೊಟ್ಟರೆ ನನ್ನ ಕಥೆಗಳ 300 ಪ್ರತಿ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಷ್ಟು ಕೂಡಿಟ್ಟಿದ್ದೇನೆ. ಆಯಿಗೆ ಗೊತ್ತಿಲ್ಲ, ಅವಳು ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದು ಅನ್ನುತ್ತಾಳೆ. ಪುಸ್ತಕ ಮಾಡಲೇ, ಇಲ್ಲ ಬರೆಯುವುದನ್ನೇ ಬಿಡಲೇ?

ಉತ್ತರ: ದುಡ್ಡು ಕೊಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆ ಪ್ರಕಾಶಕರು ನಾಳೆಯೇ ಫೋನ್ ಮಾಡಿದರೂ ಮಾಡಬಹುದು.

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವುದು ತಪ್ಪೇನಲ್ಲ. ಆದರೆ ನಿಮ್ಮ ಪತ್ರದಲ್ಲಿ ಓದುಗರ ಸುದ್ದಿಯೇ ಇಲ್ಲ, ಸಂಪಾದಕರ ಮೇಲಿನ ಮುನಿಸು ಮಾತ್ರ ಇದೆ. 300 ಪ್ರತಿ ಮನೆಗೆ ಬಂದಿಳಿದ ಮೇಲೆ ಮಾರುವವರು ಯಾರು? ನಮ್ಮ ಕಡೆಯ ಮಳೆಗಾಲಕ್ಕೆ ಮಂಚದಡಿಯ ಪುಸ್ತಕ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಛಂದ ಪುಸ್ತಕ ಪ್ರಕಾಶನದವರು ಮೊದಲ ಕಥಾಸಂಕಲನದ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸುತ್ತ ಬಂದಿದ್ದಾರೆ. ಇವತ್ತು ಸಿಟ್ಟಿಗೆ ಸಂಕಲನ ತಂದಿರೋ, ಈ ಎರಡೂ ಬಾಗಿಲು ನಿಮ್ಮ ಕೈಯಾರೆ ಮುಚ್ಚಿದವು.

ಉತ್ತರ ಬಾರದ್ದನ್ನು ತೀರ್ಪು ಎಂದುಕೊಳ್ಳಬೇಡಿ. ವಾರಪತ್ರಿಕೆ ವಾರಕ್ಕೊಂದು ಕಥೆ ಹಾಕಿದರೆ ವರ್ಷಕ್ಕೆ 52, ಅಷ್ಟೇ ಜಾಗ. ಎರಡು-ಮೂರು ತಿಂಗಳು ಕಾಯಿರಿ, ಒಂದು ಸಾಲು ಬರೆದು ತಿಳಿಸಿ, ಬೇರೆ ಕಡೆ ಕಳಿಸಿ. ಒಂದೇ ಕಥೆ ಒಟ್ಟಿಗೆ ಇಬ್ಬರಿಗೆ ಬೇಡ. ಬೇಸರಕ್ಕೆ ಫೇಸ್‌ಬುಕ್ಕಿಗೆ ಹಾಕುವುದೂ ಬೇಡ, ಎಷ್ಟೋ ಸ್ಪರ್ಧೆಗಳು ಅದನ್ನು ಪ್ರಕಟವಾದ ಕಥೆ ಎಂದೇ ಲೆಕ್ಕ ಹಿಡಿಯುತ್ತವೆ.

ಇನ್ನು ನಿಮ್ಮನ್ನು ಅಳಿಸಿದ ಆ ಸಾಲು. ಇಷ್ಟು ವರ್ಷಗಳಲ್ಲಿ ನಿಮಗೆ ಸಿಕ್ಕ ಸಂಪಾದನೆ ಅದೊಂದೇ. ಕೊನೆ ಅವಸರವಾಯಿತು ಎನ್ನಬೇಕಾದರೆ ಕೊನೆಯವರೆಗೆ ಓದಿರಬೇಕು. ಪತ್ರದ ಜೊತೆ ಕಳಿಸಿದ ಆ ಕಥೆಯನ್ನು ನಾನೂ ಓದಿದೆ. ಅವರು ಹೇಳಿದ್ದು ನಿಜ. ಅಪ್ಪ ಬೋಟಿನ ಮಾಲೀಕರ ಹತ್ತಿರ ಮುಂಗಡ ಕೇಳಲು ಹೋಗಿ, ಕೇಳದೆಯೇ ಚಹಾ ಕುಡಿದು ಬರುವ ಭಾಗವನ್ನು ಇನ್ನೊಮ್ಮೆ ಓದಿದೆ. ಆಮೇಲೆ ಜೂನ್ 1 ಬರುತ್ತದೆ, ಬೋಟು ದಡ ಹತ್ತುತ್ತದೆ. ಮಳೆಗಾಲದ ಮೀನುಗಾರಿಕೆ ನಿಷೇಧ, ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ದುಡಿಯುವ ಗಂಡಸು 61 ದಿನ ಮನೆಯಲ್ಲಿ ಕೂತರೆ ಆ ಮನೆಯಲ್ಲಿ ಏನೇನು ನಡೆಯುತ್ತದೆ? ಕಥೆ ಇರುವುದೇ ಅಲ್ಲಿ. ನೀವು ಅದನ್ನು ನಾಲ್ಕು ಸಾಲಲ್ಲಿ ದಾಟಿ, ಆಗಸ್ಟ್ ಬರುತ್ತಿದ್ದಂತೆ ಅಪ್ಪನನ್ನು ಕಡಲಲ್ಲಿ ಮುಳುಗಿಸಿದ್ದೀರಿ. (ಹೊಸ ಕಥೆಗಾರರ ಕೈಯಲ್ಲಿ ಸಾಯುವ ಅಪ್ಪಂದಿರು ಬಹಳ.) ಅವರು ಬದುಕಿರಲಿ. ಆಯಿ ಅಂಗಡಿಯಲ್ಲಿ ಸಾಲ ಹೇಳುವಾಗ ಪಕ್ಕದಲ್ಲಿ ನಿಂತಿರಲಿ. ಬರೆದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ಎಡವಿದಲ್ಲಿ ತಿದ್ದಿ.

ಟಿಇಟಿ ವಿಷಯದಲ್ಲಿ ನಾನು ಆಯಿಯ ಪಕ್ಷ. ಅತಿಥಿ ಶಿಕ್ಷಕರ ಗೌರವಧನ ಎಷ್ಟು, ಯಾವಾಗ ಬರುತ್ತದೆ ಎಂಬುದು ನಿಮಗೇ ಗೊತ್ತು. ಪಕ್ಕದ ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದ ನೌಕರಿ ಮಾಡಿಕೊಂಡೇ ಬರೆದವರು. ಸಂಬಳ ಕಥೆಗೆ ಅಡ್ಡ ಬರುವುದಿಲ್ಲ, ಸಾಲ ಬರುತ್ತದೆ.

ಪ್ರಕಾಶಕರಿಗೆ ‘ಈಗ ಬೇಡ’ ಎಂದು ಇವತ್ತೇ ತಿಳಿಸಿ. ತಿದ್ದಿದ ಕಥೆಯನ್ನು ಅದೇ ಸಂಪಾದಕರಿಗೆ, ಅವರ ಮಾತು ನೆನಪಿಸಿ ಕಳಿಸಿ.